ಕಂಬಳಿ ಹುಳುವಿನ ರೋಮ ಕಣ್ಣಿಗೆ ಬಿದ್ದರೆ: ಹುಡುಕುವುದೇ ಅರ್ಧ ಚಿಕಿತ್ಸೆ

ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ನಾನು ಕಣ್ಣಿನ ಡಾಕ್ಟರ್. ಮಳೆ ಸ್ವಲ್ಪ ಕಡಿಮೆಯಾಗುತ್ತಿದ್ದಂತೆ ನುಗ್ಗೆ ಮರದ ಕಾಂಡ, ಬೇಲಿ, ಕೊಟ್ಟಿಗೆ ಗೋಡೆ, ಎಲ್ಲ ಕಡೆ ಕಂಬಳಿ ಹುಳು ಕಾಣಿಸುತ್ತವೆ. ಅದರ ಹಿಂದೆಯೇ ಒಂದು ಕಣ್ಣಿಗೆ ಕರವಸ್ತ್ರ ಒತ್ತಿಕೊಂಡು ರೋಗಿಗಳೂ ಬರುತ್ತಾರೆ. ಹೆಲ್ಮೆಟ್ಟಿನ ಗಾಜು ಎತ್ತಿಕೊಂಡು ಸಂಜೆ ಬೈಕ್ ಓಡಿಸಿದವರು, ಮರದ ಕೆಳಗೆ ಆಡಿದ ಮಕ್ಕಳು, ಒಣಗಿದ ಬಟ್ಟೆ ತೆಗೆದು ಅದರಲ್ಲೇ ಮುಖ ಒರೆಸಿಕೊಂಡವರು.

ಹೆಚ್ಚಿನವರಿಗೆ ಹುಳು ಕಂಡಿರುವುದಿಲ್ಲ. 'ಏನೋ ಬಿತ್ತು ಡಾಕ್ಟ್ರೇ, ಚುಚ್ತಾ ಇದೆ' ಅನ್ನುತ್ತಾರೆ, ಅಷ್ಟೆ. ಹುಳು ಹೋದ ಮೇಲೂ ಅದು ಕಳಚಿದ ಚರ್ಮದಲ್ಲಿ, ಗೂಡಿನಲ್ಲಿ ರೋಮ ಉಳಿದಿರುತ್ತದೆ. ಗುಡಿಸಿದರೆ ಗಾಳಿಗೆ ಏಳುತ್ತದೆ. ಹಾಗಾಗಿ 'ಹುಳು ನೋಡಿದ್ರಾ?' ಅಂತ ಕೇಳಿ ನಾನು ಸುಮ್ಮನಾಗುವುದಿಲ್ಲ. ಅಂಗಳ ಗುಡಿಸಿದ್ರಾ, ಕಟ್ಟಿಗೆ ಎತ್ತಿದ್ರಾ, ಯಾವ ಮರದ ಕೆಳಗೆ ನಿಂತಿದ್ರಿ ಅಂತಲೂ ಕೇಳುತ್ತೇನೆ.

ಈ ಕೂದಲಿನ ಗುಣ ಗೊತ್ತಾದರೆ ಮುಂದಿನದೆಲ್ಲ ಅರ್ಥವಾಗುತ್ತದೆ. ಅದರ ಮೈಮೇಲೆ ಒಂದೇ ದಿಕ್ಕಿಗೆ ಬಾಗಿದ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ. ತೋಟದಲ್ಲಿ ಪಂಚೆಗೆ ಹತ್ತುವ ಹುಲ್ಲಿನ ಮುಳ್ಳು ನಡೆದಷ್ಟೂ ಒಳಗೇ ಹೋಗುತ್ತದಲ್ವಾ, ಹಾಗೆ. ಅದಕ್ಕೆ ತಾನಾಗಿ ಚಲಿಸುವ ಶಕ್ತಿ ಇಲ್ಲ. ನಾವು ರೆಪ್ಪೆ ಬಡಿದಾಗ, ಗುಡ್ಡೆ ತಿರುಗಿಸಿದಾಗ, ಮುಖ್ಯವಾಗಿ ಉಜ್ಜಿದಾಗ ಅದು ಮುಂದಕ್ಕೆ ಹೋಗುತ್ತದೆ. ಹಿಂದಕ್ಕೆ ಬರುವುದಿಲ್ಲ. ಕೆಲವು ಜಾತಿಯ ರೋಮದಲ್ಲಿ ವಿಷವೂ ಇರುತ್ತದೆ.

ಮಳೆಗಾಲದಲ್ಲಿ ಮದ್ರಾಸ್ ಐ ಕೂಡ ಜಾಸ್ತಿ. ಕೆಂಪು ಕಣ್ಣು ಅಂದ ತಕ್ಷಣ ಅಂಗಡಿಯಲ್ಲಿ ಡ್ರಾಪ್ಸ್ ಕೊಂಡು ದಿನ ಕಳೆಯುತ್ತಾರೆ. ನನಗೆ ಅನುಮಾನ ಬರುವುದು ಒಂದೇ ಕಣ್ಣು ಕೆಂಪಾಗಿ, ಪಿಸುರಿಗಿಂತ ನೀರೇ ಹೆಚ್ಚಾಗಿ, ಪ್ರತಿ ಸಲ ರೆಪ್ಪೆ ಬಡಿದಾಗಲೂ ಒಂದೇ ಜಾಗದಲ್ಲಿ ಚುಚ್ಚುತ್ತಿದ್ದರೆ. ಆಗ ಫ್ಲೋರೆಸಿನ್ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡುತ್ತೇನೆ. ಕಪ್ಪು ಗುಡ್ಡೆಯ ಮೇಲ್ಭಾಗದಲ್ಲಿ ಮೇಲಿಂದ ಕೆಳಕ್ಕೆ ಎಳೆದ ಹಸಿರು ಗೀರುಗಳು ಕಂಡರೆ, ಮೇಲಿನ ರೆಪ್ಪೆಯ ಒಳಗೆ ಏನೋ ಕೂತಿದೆ ಅಂತಲೇ ಲೆಕ್ಕ.

ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಮೊದಲು ಸಲೈನಿನಿಂದ ಚೆನ್ನಾಗಿ ತೊಳೆಯುತ್ತೇನೆ. ಸಡಿಲವಾಗಿರುವುದು ಅಲ್ಲೇ ಹೋಗುತ್ತದೆ. ಆಮೇಲೆ ರೆಪ್ಪೆ ಮಗುಚುತ್ತೇನೆ. ಒಂದು ಸಲ ಮಗುಚಿದರೆ ಸಾಲದು. ರಿಟ್ರಾಕ್ಟರ್ ಅನ್ನುವ, ರೆಪ್ಪೆ ಎತ್ತಿ ಹಿಡಿಯುವ ಸಾಧನ ಹಾಕಿ ಎರಡನೇ ಸಲ ಮಗುಚಿದರೆ ಮಾತ್ರ ರೆಪ್ಪೆ ಮತ್ತು ಗುಡ್ಡೆ ಸೇರುವ ಮೂಲೆ ಕಾಣುತ್ತದೆ. ರೋಮಗಳಿಗೆ ಅದು ಒಳ್ಳೆಯ ಅಡಗುತಾಣ. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಯಂತ್ರದ ಬೆಳಕು ತೆಳುವಾಗಿಸಿ, ಪಕ್ಕದಿಂದ ಬಿಟ್ಟು, ಇಂಚು ಇಂಚು ನೋಡುತ್ತಾ ಹೋಗಬೇಕು. ಹೊರಗೆ ಎಷ್ಟೇ ಜನ ಕಾಯುತ್ತಿರಲಿ, ಈ ಕೆಲಸದಲ್ಲಿ ನಾನು ಅವಸರ ಮಾಡುವುದಿಲ್ಲ.

ಕಂಡ ರೋಮವನ್ನು ಅತಿ ಸಣ್ಣ ತುದಿಯ ಚಿಮುಟದಿಂದ, ಅದು ಮಲಗಿರುವ ನೇರಕ್ಕೇ, ನಿಧಾನವಾಗಿ ಎಳೆಯಬೇಕು. ಅಡ್ಡ ಎಳೆದರೆ ಮುರಿಯುತ್ತದೆ. ಮುರಿದ ತುಂಡು ಹಿಡಿಯಲು ಸಿಗುವುದಿಲ್ಲ. ಕಪ್ಪು ಗುಡ್ಡೆಯ ಆಳಕ್ಕೆ ಇಳಿದ, ತುದಿ ಹೊರಗೆ ಕಾಣದ ರೋಮವನ್ನು ನಾನು ಕೆದಕಲು ಹೋಗುವುದಿಲ್ಲ. ಕೆದಕಿದರೆ ಆಗುವ ಗಾಯವೇ ದೊಡ್ಡದು. ಅದರ ಜಾಗದ ಚಿತ್ರ ಬರೆದಿಟ್ಟುಕೊಂಡು, ಮುಂದಿನ ಸಲ ಸರಿದಿದೆಯಾ ಅಂತ ನೋಡುತ್ತೇನೆ. ಸಣ್ಣ ಮಕ್ಕಳು ಒಪ್ಪದಿದ್ದರೆ ಹಿಡಿದು ಒತ್ತುವುದಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಟ್ಟು ತೆಗೆಯುವುದೇ ಸರಿ.

ಊತ, ಉರಿ ಇಳಿಯಲು ಸ್ಟೀರಾಯ್ಡ್ ಡ್ರಾಪ್ಸ್ ಬೇಕಾಗುತ್ತದೆ. ಜೊತೆಗೆ ಆಂಟಿಬಯೋಟಿಕ್. ಕಣ್ಣಿನ ಒಳಗೂ ಉರಿಯೂತ ಇದ್ದರೆ ಪಾಪೆ ಹಿಗ್ಗಿಸುವ ಡ್ರಾಪ್ಸ್. ಆದರೆ ಸ್ಟೀರಾಯ್ಡ್ ಬರೆಯುವ ಮೊದಲು ಗುಡ್ಡೆಯ ಮೇಲೆ ಸೋಂಕಿನ ಹುಣ್ಣು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತೇನೆ. ನಮ್ಮ ಕಡೆ ಭತ್ತದ ಗರಿ, ಅಡಿಕೆ ಸೋಗೆ ತಾಗಿ ಫಂಗಸ್ ಹುಣ್ಣಾಗುವುದೂ ಇದೆ. ಅದರ ಮೇಲೆ ಸ್ಟೀರಾಯ್ಡ್ ಬಿದ್ದರೆ ಕಣ್ಣೇ ಹೋಗಬಹುದು. ಪಕ್ಕದ ಮನೆಯವರಿಗೆ ಬರೆದುಕೊಟ್ಟ ಡ್ರಾಪ್ಸ್ ಹಾಕಿಕೊಳ್ಳಬೇಡಿ ಅಂತ ನಾನು ಬೇಡಿಕೊಳ್ಳುವುದು ಇದಕ್ಕೇ.

ಎರಡು ಮೂರು ದಿನದಲ್ಲಿ ನೋವು ಇಳಿಯುತ್ತದೆ. ರೋಗಿ ಗುಣವಾಯಿತು ಅಂದುಕೊಳ್ಳುತ್ತಾನೆ. ನನ್ನ ಚಿಂತೆ ಶುರುವಾಗುವುದು ಅಲ್ಲಿಂದ. ಈ ರೋಗಕ್ಕೆ ಆಫ್ತಾಲ್ಮಿಯಾ ನೊಡೋಸಾ ಅಂತ ಹೆಸರು. ಉಳಿದುಹೋದ ರೋಮದ ಸುತ್ತ ಕಣ್ಣಿನ ಬಿಳಿ ಭಾಗದಲ್ಲಿ ಗಂಟು ಕಟ್ಟುತ್ತದೆ, ಹೆಸರು ಬಂದಿದ್ದು ಅದರಿಂದಲೇ. 1984ರಲ್ಲಿ ಕಾಡೆರಾ ಅನ್ನುವ ಕಣ್ಣಿನ ಡಾಕ್ಟರ್ ಮತ್ತು ಜೊತೆಗಾರರು ಇದನ್ನು ಐದು ಬಗೆಯಾಗಿ ವಿಂಗಡಿಸಿದರು. ಮೊದಲನೆಯದು ತಕ್ಷಣದ ಊತ ಮತ್ತು ಉರಿ. ಐದನೆಯದು ರೋಮ ಕಣ್ಣಿನ ಹಿಂಭಾಗಕ್ಕೆ, ಅಕ್ಷಿಪಟಲದ (ರೆಟಿನಾ) ತನಕ ಹೋಗಿರುವುದು. ಅಲ್ಲಿಗೆ ತಲುಪಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯಬಹುದು.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ರೋಮ ಬಿದ್ದ ಕಣ್ಣನ್ನು ಬೇರೆ ಕಡೆ ತೋರಿಸಿ, ಕೆಂಪು ಇಳಿದ ಮೇಲೆ, ಅವನ ಅಜ್ಜಿಯ ಕಣ್ಣು ತೋರಿಸಲು ಜೊತೆಗೆ ಬಂದಿದ್ದ. 'ಇವನು ಬೆಳಕಿಗೆ ಕಣ್ಣು ಕಿರಿದು ಮಾಡ್ತಾನೆ, ನೋಡಿ ಡಾಕ್ಟ್ರೇ' ಅಂದರು ಅಜ್ಜಿ. ನೋಡಿದರೆ ಬಿಳಿ ಭಾಗದಲ್ಲಿ ಹಳದಿ ಬಣ್ಣದ ಸಣ್ಣ ಗಂಟು, ಗುಡ್ಡೆಯ ಒಳಗೆ ಉರಿಯೂತ. ಗಂಟನ್ನು ಕತ್ತರಿಸಿ ತೆಗೆದಾಗ ಅದರೊಳಗೆ ರೋಮದ ತುಂಡು ಸಿಕ್ಕಿತು. ಅಜ್ಜಿ ಗಮನಿಸದಿದ್ದರೆ ಆ ಮಗು ತಾನಾಗಿ ಹೇಳುತ್ತಿರಲಿಲ್ಲ. ಹಾಗಾಗಿ ನನ್ನ ರೋಗಿಗಳನ್ನು ಮರುದಿನ, ವಾರದ ನಂತರ, ಆಮೇಲೆ ತಿಂಗಳಿಗೊಮ್ಮೆ ಕೆಲವು ಕಾಲ ಕರೆಯುತ್ತೇನೆ. ಪ್ರತಿ ಸಲವೂ ರೆಪ್ಪೆ ಮಗುಚಿ ನೋಡುತ್ತೇನೆ. ಪಾಪೆ ಹಿಗ್ಗಿಸಿ ಹಿಂಭಾಗವನ್ನೂ ನೋಡುತ್ತೇನೆ. ಅಲ್ಲಿ ಏನಾದರೂ ಕಂಡರೆ ತಡಮಾಡದೆ ರೆಟಿನಾ ತಜ್ಞರ ಹತ್ತಿರ ಕಳಿಸುತ್ತೇನೆ.

ಮನೆಯಲ್ಲಿ ಮಾಡಬೇಕಾದ್ದು ಸ್ವಲ್ಪವೇ. ಉಜ್ಜಬೇಡಿ. ಶುದ್ಧ ನೀರನ್ನು ಧಾರೆಯಾಗಿ ಬಿಟ್ಟು ಹತ್ತು ಹದಿನೈದು ನಿಮಿಷ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಕೈ ತೊಳೆದುಕೊಂಡು ತೆಗೆಯಿರಿ. ಬಟ್ಟೆ ಬದಲಿಸಿ. ಕೈಗೆ, ಕುತ್ತಿಗೆಗೆ ಹತ್ತಿದ ರೋಮವನ್ನು ಅಂಟು ಟೇಪ್ ಒತ್ತಿ ಎತ್ತಬಹುದು, ಕಣ್ಣಿನ ಹತ್ತಿರ ಮಾತ್ರ ಬೇಡ. ನಂದಿಬಟ್ಟಲು ರಸ, ಎದೆಹಾಲು, ಹರಳೆಣ್ಣೆ ಹಾಕಬೇಡಿ. ನಾಲಿಗೆಯಿಂದ ತೆಗೆಯುತ್ತೇವೆ ಅನ್ನುವವರಿಗೆ ಕಣ್ಣು ಕೊಡಬೇಡಿ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ರೋಮ ಇನ್ನೂ ಆಳಕ್ಕೆ ಇಳಿಯುತ್ತದೆ, ಸೋಂಕೂ ಸೇರುತ್ತದೆ. ತೊಳೆದ ಮೇಲೆ ಹಾಯೆನಿಸಿದರೂ ಅದೇ ದಿನ ಸ್ಲಿಟ್ ಲ್ಯಾಂಪ್ ಇರುವ ಕಡೆ ತೋರಿಸಿ. ಹುಳು ಕಂಡಿದ್ದರೆ ಅದರ ಒಂದು ಫೋಟೋ ತೆಗೆದುಕೊಂಡು ಬನ್ನಿ.