ಟ್ರೈಪಾಡ್ ಇಲ್ಲದೆ ಪನೋರಮಾ: ಕವಲೇದುರ್ಗದಿಂದ ಜೋಗದವರೆಗೆ

ಕವಲೇದುರ್ಗದ ಕೋಟೆಯಲ್ಲಿ ಕಲ್ಲುಕಂಬವೊಂದರಿಂದ ಎರಡು ಮೀಟರ್ ದೂರದಲ್ಲಿ ನಿಂತು, ಕಂಬವೂ ಅದರಾಚೆಯ ಬೆಟ್ಟಸಾಲೂ ಒಟ್ಟಿಗೆ ಬರಲೆಂದು ಸಾಲಾಗಿ ತೆಗೆದ ಚಿತ್ರಗಳನ್ನು ಮನೆಗೆ ಬಂದು ಒಂದೇ ಅಗಲವಾದ ಚಿತ್ರವಾಗಿ, ಅಂದರೆ ಪನೋರಮಾ ಆಗಿ, ಜೋಡಿಸಿದಾಗ, ಕಂಬ ನಡುವೆ ಸೀಳಿ ಎರಡಾಗಿತ್ತು. ಬೆಟ್ಟಸಾಲು ಮಾತ್ರ ಎಲ್ಲಿಯೂ ಮುರಿಯದೆ ಕೂಡಿಕೊಂಡಿತ್ತು. ತಂತ್ರಾಂಶವನ್ನು ಬೈದುಕೊಂಡು ಎರಡು ಸಂಜೆ ಕಳೆದ ಮೇಲೆ, ತಪ್ಪು ನನ್ನ ಸೊಂಟದ್ದೆಂದು ತಿಳಿಯಿತು.

ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ಸೊಂಟ ತಿರುಗಿಸಿದರೆ ಲೆನ್ಸ್ ನಿಂತಲ್ಲೇ ತಿರುಗುವುದಿಲ್ಲ, ನಮ್ಮ ಬೆನ್ನುಮೂಳೆಯ ಸುತ್ತ ಸುಮಾರು 20 ಸೆಂ.ಮೀ. ತ್ರಿಜ್ಯದ ಕಮಾನಿನಲ್ಲಿ ಸರಿಯುತ್ತದೆ. ನನ್ನದು ಎಪಿಎಸ್-ಸಿ ಸೆನ್ಸರಿನ (ಫುಲ್-ಫ್ರೇಮಿಗಿಂತ ಚಿಕ್ಕ ಅಳತೆಯ ಸೆನ್ಸರ್) 24 ಮೆಗಾಪಿಕ್ಸೆಲ್ ಕ್ಯಾಮೆರಾ. 35 ಮಿ.ಮೀ. ಲೆನ್ಸ್ ಹಾಕಿ ನಿಲುವಾಗಿ ಹಿಡಿದರೆ ಅಡ್ಡಲಾಗಿ 25 ಡಿಗ್ರಿಯಷ್ಟು ಕಾಣುತ್ತದೆ. ಅಕ್ಕಪಕ್ಕದ ಚಿತ್ರಗಳಲ್ಲಿ ಮೂರನೆಯ ಒಂದು ಪಾಲು ಸಮಾನವಾಗಿರಲು ಪ್ರತಿ ಸಲ 17 ಡಿಗ್ರಿ ತಿರುಗಬೇಕು. ಅಷ್ಟರಲ್ಲಿ ಲೆನ್ಸ್ ಸುಮಾರು 6 ಸೆಂ.ಮೀ. ಸರಿದಿರುತ್ತದೆ. ಒಂದು ಕಿ.ಮೀ. ದೂರದ ಗುಡ್ಡಕ್ಕೆ ಇದರಿಂದಾಗುವ ವ್ಯತ್ಯಾಸ ಅರ್ಧ ಪಿಕ್ಸೆಲ್ಲಿನಷ್ಟು. ಎರಡು ಮೀಟರ್ ದೂರದ ಕಂಬಕ್ಕೆ 250 ಪಿಕ್ಸೆಲ್ಲಿಗೂ ಹೆಚ್ಚು. ಯಾವ ತಂತ್ರಾಂಶ ಇದನ್ನು ಮುಚ್ಚೀತು?

ಮುಂದಿನ ಸಲ ಲೆನ್ಸಿಗೆ ರಬ್ಬರ್ ಬ್ಯಾಂಡ್ ಹಾಕಿ, ಅದರಿಂದ ಒಂದು ದಾರವನ್ನು ಇಳಿಬಿಟ್ಟು, ತುದಿಗೆ ಕಬ್ಬಿಣದ ನಟ್ಟು ಕಟ್ಟಿದೆ. ಗಾರೆಯವರ ತೂಗುಗುಂಡಿನ ಉಪಾಯವೇ ಇದು. ನೆಲದ ಮೇಲೊಂದು ಬೆಣಚುಕಲ್ಲಿಟ್ಟು, ನಟ್ಟು ಅದರ ನೇರಕ್ಕೇ ಇರುವಂತೆ ನೋಡಿಕೊಂಡು, ಲೆನ್ಸಿನ ಸುತ್ತ ನಾನೇ ಸಣ್ಣ ಹೆಜ್ಜೆಯಿಟ್ಟು ಸುತ್ತಿದೆ. ನೋಡಿದವರಿಗೆ ನಗು ಬರಬಹುದು, ಆದರೆ ಕಂಬ ಒಂದೇ ಆಗಿ ಬಂತು.

ಕುಂದಾದ್ರಿಯ ಬಂಡೆಯ ಮೇಲೆ ದಾರದ ಅಗತ್ಯವೇ ಬೀಳಲಿಲ್ಲ. ಹತ್ತಿರದಲ್ಲಿ ಅಡ್ಡ ಬರುವಂಥದ್ದೇನೂ ಇರಲಿಲ್ಲ. ಕೆಳಗಿನ ತೋಟ, ಗದ್ದೆ, ಕಾಡು ಎಲ್ಲವೂ ದೂರದವು. 180 ಡಿಗ್ರಿಯ ನೋಟಕ್ಕೆ 11 ಚಿತ್ರ ಸಾಕಾಯಿತು. ಪಾದಗಳನ್ನು ಕೊನೆಯ ಚಿತ್ರದ ದಿಕ್ಕಿಗೆ ಊರಿ, ಮೈಯನ್ನು ಮೊದಲ ಚಿತ್ರದತ್ತ ತಿರುಚಿ, ಅಲ್ಲಿಂದ ಸಡಿಲಿಸುತ್ತ ಬಂದರೆ ಕೊನೆಯ ಚಿತ್ರಕ್ಕೆ ಕೈ ನಡುಗುವುದಿಲ್ಲ. ಚಿತ್ರದಿಂದ ಚಿತ್ರಕ್ಕೆ ಬೆಳಕು, ಬಣ್ಣ ಬದಲಾಗದಿರಲೆಂದು ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮ್ಯಾನ್ಯುಯಲ್‌ನಲ್ಲಿಟ್ಟೆ. ಸೂರ್ಯನಿಂದ ಇರುವ ದಿಕ್ಕಿಗೆ ತಕ್ಕಂತೆ ಆಕಾಶವನ್ನು ಹೆಚ್ಚು ಕಡಿಮೆ ಕಪ್ಪಾಗಿಸುವ ಪೋಲರೈಸರ್ ಫಿಲ್ಟರನ್ನು ಮಾತ್ರ ತೆಗೆದಿಡಲು ಮರೆತಿದ್ದರಿಂದ, ಜೋಡಿಸಿದ ಆಕಾಶದಲ್ಲಿ ಒಂದು ಕಡೆ ಕಡುನೀಲಿಯ ಪಟ್ಟಿ ಉಳಿದುಕೊಂಡಿತು.

ಜೋಡಿಸುವುದಕ್ಕೆ ನಾನು ಬಳಸುವುದು ಉಚಿತವಾಗಿ ಸಿಗುವ ಹ್ಯೂಗಿನ್ ಎಂಬ ತಂತ್ರಾಂಶ. ಅದು ಅಕ್ಕಪಕ್ಕದ ಚಿತ್ರಗಳಲ್ಲಿ ಒಂದೇ ಆಗಿರುವ ಗುರುತುಗಳನ್ನು ತಾನೇ ಹುಡುಕುತ್ತದೆಯಾದರೂ, ಮೋಡದ ಮೇಲೆ ಬಿದ್ದ ಗುರುತುಗಳನ್ನು ನಾನು ಒಂದೊಂದಾಗಿ ಅಳಿಸುತ್ತೇನೆ, ಏಕೆಂದರೆ ಮಲೆನಾಡಿನ ಮೋಡ ಎರಡು ಚಿತ್ರಗಳ ನಡುವಿನ ಕ್ಷಣದಲ್ಲೇ ಜಾಗ ಬಿಟ್ಟಿರುತ್ತದೆ. ಇಷ್ಟು ಅಗಲದ ನೋಟಕ್ಕೆ ಸಿಲಿಂಡರಾಕಾರದ ಪ್ರೊಜೆಕ್ಷನ್ (ಸುತ್ತಲ ನೋಟವನ್ನು ಚಪ್ಪಟೆ ಚಿತ್ರವಾಗಿ ಹರಡುವ ಬಗೆ) ಆರಿಸುತ್ತೇನೆ. ನೇರ ಗೆರೆಗಳನ್ನು ನೇರವಾಗಿಯೇ ಉಳಿಸುವ ರೆಕ್ಟಿಲೀನಿಯರ್‌ನಲ್ಲಿ ಅಂಚುಗಳು ವಿಪರೀತ ಹಿಗ್ಗುತ್ತವೆ.

ಜೋಗದಲ್ಲಿ ನೀರೇ ಚಲಿಸುತ್ತದೆ. ಆದುದರಿಂದ ರಾಜ, ರೋರರ್, ರಾಕೆಟ್, ರಾಣಿ ಎಂಬ ಜಲಪಾತದ ಈ ನಾಲ್ಕು ಧಾರೆಗಳಲ್ಲಿ ಪ್ರತಿಯೊಂದೂ ಯಾವುದಾದರೊಂದು ಚಿತ್ರದೊಳಗೆ ಇಡಿಯಾಗಿ ಬರುವಂತೆಯೂ, ಚಿತ್ರಗಳು ಕೂಡುವ ಹೊಲಿಗೆ ಧಾರೆಗಳ ನಡುವಿನ ಬಂಡೆಯ ಮೇಲೆ ಬೀಳುವಂತೆಯೂ ನೋಡಿಕೊಂಡು, ಬೇಡದ ಭಾಗಕ್ಕೆ ಹ್ಯೂಗಿನ್‌ನಲ್ಲಿ ಮಾಸ್ಕ್ ಹಾಕಿ ಮರೆಮಾಡಿದೆ. ಮಂಜು ಮಾತ್ರ ನನ್ನ ಲೆಕ್ಕಕ್ಕೆ ಸಿಗಲಿಲ್ಲ. ರಾಣಿಯ ಬಲಕ್ಕೆ ಅದು ಎರಡು ಬಗೆಯ ಬಿಳುಪಿನಲ್ಲಿ ಕೂಡಿಕೊಂಡಿದೆ, ನಾನೂ ಅದನ್ನು ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ.