ಸಿ ಪ್ರೋಗ್ರಾಮಿನೊಳಗೆ ಮೂರು ಸಾಲು ಅಸೆಂಬ್ಲಿ

ಪೀಣ್ಯದ ಸಣ್ಣ ಕಾರ್ಖಾನೆಯೊಂದಕ್ಕೆ ಮೋಟಾರ್ ನಿಯಂತ್ರಕದ ಫರ್ಮ್‌ವೇರ್ ಬರೆಯುವುದು ನನ್ನ ಕೆಲಸ. ಎಲ್ಲವೂ ಸಿ ಭಾಷೆಯಲ್ಲೇ ಇದೆ. ಪ್ರೊಸೆಸರಿನ ಆದೇಶಗಳನ್ನೇ ನೇರವಾಗಿ ಬರೆಯುವ ಅಸೆಂಬ್ಲಿ ಇರುವುದು ಮೂರೇ ಸಾಲು. ಅತಿ ಹೆಚ್ಚು ಯೋಚಿಸಿ ಬರೆದದ್ದೂ ಆ ಮೂರನ್ನೇ.

ಎಸ್.ಪಿ. ರಸ್ತೆಯಲ್ಲಿ ಸಿಗುವ ‘ಬ್ಲೂ ಪಿಲ್’ ಬೋರ್ಡಿನ ಮೇಲೆ ಮೊದಲು ಪ್ರಯೋಗ ಮಾಡಿದೆ. ಅದರಲ್ಲಿರುವುದು 72 ಮೆಗಾಹರ್ಟ್ಸ್‌ನ ಕಾರ್ಟೆಕ್ಸ್-ಎಂ3 ಪ್ರೊಸೆಸರ್. ಸೀರಿಯಲ್ ಪೋರ್ಟಿಗೆ 115200 ಬಾಡ್ ವೇಗದಲ್ಲಿ ಸುಮಾರು 87 ಮೈಕ್ರೋಸೆಕೆಂಡಿಗೊಂದು ಬೈಟ್ ಬರುತ್ತದೆ. ಬಂದಾಗಲೆಲ್ಲ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ನಿಲ್ಲಿಸಿ ನಡುವೆ ಓಡುವ ಕೋಡ್) ಓದಬೇಕಾದ ಬೈಟ್‌ಗಳ ಎಣಿಕೆಯನ್ನು ಒಂದು ಏರಿಸುತ್ತದೆ; ಬೈಟ್ ಓದಿಕೊಂಡ ಮುಖ್ಯ ಲೂಪ್ ಒಂದು ಇಳಿಸುತ್ತದೆ. ಸಿಯಲ್ಲಿ ಇಳಿಸುವುದು ಒಂದೇ ಸಾಲು. ಪ್ರೊಸೆಸರಿಗೆ ಅದು ಮೂರು ಕೆಲಸ: ಮೆಮೊರಿಯಿಂದ ತರುವುದು, ಕಳೆಯುವುದು, ಮರಳಿ ಇಡುವುದು. ನಡುವೆ ಇಂಟರಪ್ಟ್ ನುಗ್ಗಿದರೆ ಅದು ಏರಿಸಿದ ಲೆಕ್ಕ ಅಳಿಸಿಹೋಗುತ್ತದೆ.

ಆದ್ದರಿಂದ ಆ ಮೂರು ಸಾಲು: ಇಂಟರಪ್ಟ್ ತೆರೆದಿದೆಯೇ ಮುಚ್ಚಿದೆಯೇ ಎಂದು ಹೇಳುವ ಪ್ರೈಮಾಸ್ಕ್ ರಿಜಿಸ್ಟರಿನ (ಪ್ರೊಸೆಸರಿನೊಳಗಿನ ಪುಟ್ಟ ಸಂಗ್ರಹದ) ಸ್ಥಿತಿಯನ್ನು ಎಂಆರ್‌ಎಸ್ ಆದೇಶದಿಂದ ಓದಿಟ್ಟುಕೊಂಡು, ಸಿಪಿಎಸ್‌ಐಡಿಯಿಂದ ಇಂಟರಪ್ಟ್ ತಡೆದು, ಕೆಲಸ ಮುಗಿದ ಮೇಲೆ ಎಂಎಸ್‌ಆರ್‌ನಿಂದ ಹಳೆಯ ಸ್ಥಿತಿಯನ್ನೇ ಮರಳಿಸುತ್ತೇನೆ. ಕೊನೆಯಲ್ಲಿ ಹಿಂದೆಮುಂದೆ ನೋಡದೆ ಇಂಟರಪ್ಟ್ ತೆರೆದುಬಿಡುವವರಿದ್ದಾರೆ. ನಮ್ಮ ಕೋಡನ್ನು ಕರೆದ ಫಂಕ್ಷನ್ ಅದನ್ನು ಮೊದಲೇ ಮುಚ್ಚಿಟ್ಟಿದ್ದರೆ ಅದರ ಗತಿ ಏನು?

ಸಿಯೊಳಗೆ ಅಸೆಂಬ್ಲಿ ಆದೇಶವನ್ನು ಉದ್ಧರಣ ಚಿಹ್ನೆಯೊಳಗೆ ಬರೆಯುತ್ತೇವೆ; ಕಷ್ಟವಿರುವುದು ಅದರ ನಂತರ ಬರುವ ಕೋಲನ್‌ಗಳಲ್ಲಿ. ಉದ್ಧರಣ ಚಿಹ್ನೆಯೊಳಗಿನ ಅಸೆಂಬ್ಲಿ ಏನು ಮಾಡುತ್ತದೆಂದು ಸಿಯನ್ನು ಪ್ರೊಸೆಸರಿನ ಆದೇಶಗಳಾಗಿಸುವ ಜಿಸಿಸಿ ಕಂಪೈಲರ್ ವಿಚಾರಿಸುವುದಿಲ್ಲ. ಕೋಲನ್‌ಗಳ ನಂತರ ನಾವು ಹೇಳಿದ್ದನ್ನು ನಂಬುತ್ತದೆ. ಮೊದಲು ಔಟ್‌ಪುಟ್, ಆಮೇಲೆ ಇನ್‌ಪುಟ್, ಮೂರನೆಯದಾಗಿ ನಾವು ಕದಡುವ ಇತರ ಸಂಗತಿಗಳು. ರಿಜಿಸ್ಟರನ್ನು ನಾನೇ ಹೆಸರಿಸುವುದಿಲ್ಲ, ಆಯ್ಕೆಯನ್ನು ಕಂಪೈಲರಿಗೇ ಬಿಡುತ್ತೇನೆ.

ಮೂರನೆಯ ಜಾಗದಲ್ಲಿ ‘ಮೆಮೊರಿ’ ಎಂದು ಬರೆಯಲೇಬೇಕು. “ಸರ್, ಅಸೆಂಬ್ಲಿ ಸಾಲಿನಲ್ಲಿ ವೊಲಟೈಲ್ ಎಂಬ ಪದ ಇದೆಯಲ್ಲ, ಸಾಲದೇ?” ಎಂದು ಜೊತೆಯ ಹುಡುಗ ಕೇಳಿದ. ಅವನೆದುರೇ ‘ಮೆಮೊರಿ’ ಪದ ತೆಗೆದು, ಕೋಡನ್ನು ಚುರುಕುಗೊಳಿಸುವ ಓ2 ಮಟ್ಟದಲ್ಲಿ ಕಂಪೈಲ್ ಮಾಡಿ, ಕಂಪೈಲರ್ ಹುಟ್ಟಿಸಿದ ಆದೇಶಗಳನ್ನು ತೋರಿಸುವ ಆಬ್ಜ್‌ಡಂಪ್ ತೆರೆದು ತೋರಿಸಿದೆ. ಬಫರ್ ಖಾಲಿಯೇ ಎಂದು ಪರೀಕ್ಷಿಸಲು ಮೊದಲೇ ತಂದಿದ್ದ ಎಣಿಕೆಯನ್ನೇ ಕಂಪೈಲರ್ ಮತ್ತೆ ಬಳಸಿತ್ತು. ಸಿಪಿಎಸ್‌ಐಡಿಯ ಕೆಳಗೆ ಎಣಿಕೆಯನ್ನು ಮೆಮೊರಿಯಿಂದ ತರುವ ಎಲ್‌ಡಿಆರ್ ಆದೇಶ ಇರಲೇ ಇಲ್ಲ. ಬೇಲಿ ಹಾಕಿದ್ದೇನೋ ನಿಜ, ಹಸು ಮಾತ್ರ ಹೊರಗಿತ್ತು. ವೊಲಟೈಲ್ ಆ ಅಸೆಂಬ್ಲಿ ಸಾಲು ಅಳಿಸಿಹೋಗದಂತೆ ಕಾಯುತ್ತದೆ. ಸಾಮಾನ್ಯ ವೇರಿಯಬಲ್‌ಗಳನ್ನು ಮತ್ತೆ ಮೆಮೊರಿಯಿಂದಲೇ ಓದುವಂತೆ ಮಾಡುವುದು ‘ಮೆಮೊರಿ’. ಚುರುಕುಗೊಳಿಸದ ಓ0 ಮಟ್ಟದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ, ಹಾಗಾಗಿ ಇಂಥ ದೋಷ ಮೇಜಿನ ಮೇಲಿನ ಪರೀಕ್ಷೆಯನ್ನು ದಾಟಿಬಿಡುತ್ತದೆ.

ಈ ಮೂರು ಸಾಲಿಗೂ ಕಾರ್ಟೆಕ್ಸ್ ವಿನ್ಯಾಸದ ಕಂಪನಿಯಾದ ಆರ್ಮ್‌ನ ಸಿಎಂಎಸ್‌ಐಎಸ್ ಲೈಬ್ರರಿಯಲ್ಲಿ ಸಿದ್ಧ ಫಂಕ್ಷನ್‌ಗಳಿವೆ. ಹೊಸ ಕೆಲಸಗಳಿಗೆ ನಾನೂ ಅವನ್ನೇ ಬಳಸುತ್ತೇನೆ. ಆದರೂ ಆಬ್ಜ್‌ಡಂಪ್ ನೋಡದೆ ಬೋರ್ಡಿಗೆ ಇಳಿಸುವುದಿಲ್ಲ.