ಕುಂಡ ತಟ್ಟಿ, ಒಂದು ಕಣ್ಣು ಮುಚ್ಚಿ

ಮನೆಯೊಳಗಿನ ಗಿಡಗಳಿಗೆ ಸಾಮಾನು ವಿನ್ಯಾಸ ಮಾಡುವುದು ನನ್ನ ಕೆಲಸ. ತಾನಾಗಿಯೇ ನೀರುಣಿಸುವ ಕುಂಡಗಳು, ಮಣ್ಣು ಒಣಗಿದರೆ ಮೊಬೈಲಿಗೆ ಮೆಸೇಜ್ ಕಳಿಸುವ ಸೆನ್ಸರ್‌ಗಳು ಈಗ ಬೇಕಾದಷ್ಟು ಸಿಗುತ್ತವೆ. ಆಗಾಗ ಊರಿಗೆ ಹೋಗುವವರಿಗೆ ಅವು ಬೇಕೇ ಬೇಕು. ಆದರೆ ಅವನ್ನು ಇಟ್ಟುಕೊಂಡ ಮನೆಗಳಲ್ಲಿ ಜನ ಗಿಡದ ಹತ್ತಿರ ಸುಳಿಯುವುದೇ ಕಡಿಮೆ. ಎಲೆಯಡಿ ಹಿಟ್ಟು ತಿಗಣೆ ಮೆತ್ತಿಕೊಂಡಿದ್ದರೂ ಯಾರೂ ನೋಡಿರುವುದಿಲ್ಲ. ಅದಕ್ಕೇ ನಾನು ಮಾಡುವ ವಸ್ತು ನಮ್ಮ ಕೆಲಸ ತಪ್ಪಿಸಬಾರದು, ನಮ್ಮ ಕಣ್ಣು ಕಿವಿಗಳನ್ನು ಗಿಡದ ಹತ್ತಿರ ಕರೆತರಬೇಕು ಅಂತ ನಿರ್ಧರಿಸಿದೆ.

ಮೊದಲು ಮಾಡಿದ್ದು ತಟ್ಟುವ ಕುಂಡ. ಮಡಕೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ ನೋಡುತ್ತೇವೆ ಅಲ್ವಾ? ಗಿಡದ ಕುಂಡಕ್ಕೂ ಅದು ನಡೆಯುತ್ತದೆ. ಬಣ್ಣ ಬಳಿಯದ ಮಣ್ಣಿನ ಕುಂಡ ಒಣಗಿದ್ದರೆ ಠಣ್ ಅನ್ನುತ್ತದೆ, ಒದ್ದೆಯಿದ್ದರೆ ಸದ್ದು ಮಂಕು. ಹಿಂದಿನ ಮಾಲಿಗಳು ನೀರು ಬೇಕೋ ಬೇಡವೋ ಅಂತ ಹೀಗೇ ತಿಳಿಯುತ್ತಿದ್ದರು. ಬೆಂಗಳೂರಿನ ಪಾಟರಿ ಟೌನ್‌ನಲ್ಲಿ ತೆಳುಗೋಡೆಯ ಕುಂಡ ಮಾಡಿಸಿದೆ. ಗೋಡೆ ದಪ್ಪವಾದರೆ ಸದ್ದಿನ ವ್ಯತ್ಯಾಸ ಸರಿಯಾಗಿ ಕೇಳಿಸುವುದಿಲ್ಲ. ಚನ್ನಪಟ್ಟಣದಲ್ಲಿ ಹಾಲೆ ಮರದ ಪುಟ್ಟ ಸುತ್ತಿಗೆ ಕಡೆಸಿ ಕುಂಡದ ಕಂಠಕ್ಕೆ ದಾರದಲ್ಲಿ ನೇತುಹಾಕಿದೆ. ಹಿಡಿಗೆ ಮಾತ್ರ ಅರಗಿನ ಬಣ್ಣ, ಬಡಿಯುವ ತುದಿ ಬರೀ ಮರ. ನೀರು ಜಾಸ್ತಿಯಾಗಿ, ಬೇರಿಗೆ ಗಾಳಿಯಾಡದೆ ಕೊಳೆತು ಸಾಯುವ ಮನೆಗಿಡಗಳು ಬಹಳ. ತಟ್ಟುವ ಅಭ್ಯಾಸ ಬಂದರೆ ಸುಮ್ನೆ ನೀರು ಸುರಿಯುವ ಕೈ ತಡೆಯುತ್ತದೆ.

ನನಗೆ ಹೆಚ್ಚು ಇಷ್ಟವಾದದ್ದು ಎರಡನೆಯ ವಸ್ತು, ಗಿಡದ ನಿಧಾನ ಚಲನೆಯನ್ನು ಚುಕ್ಕೆ ಇಟ್ಟು ಗುರುತಿಸುವ ಗಾಜಿನ ಹಲಗೆ. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಗಿಡಗಳ ಚಲನೆ ಕುರಿತ ತಮ್ಮ ಕೆಲಸವನ್ನು 1880ರಲ್ಲಿ ಪ್ರಕಟಿಸಿದರು. ಅವರ ಉಪಾಯ ಸರಳ. ಚಿಗುರಿಗೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ ಅಂಟಿಸಿ, ಅದರ ತುದಿಗೆ ಅರಗಿನ ಸಣ್ಣ ಮಣಿ ಇಡುತ್ತಿದ್ದರು. ಅದರ ಹಿಂದೆ ಕದಲದ ಹಾಗೆ ಒಂದು ಕಪ್ಪು ಚುಕ್ಕೆಯ ಕಾಗದ. ಮುಂದೊಂದು ಗಾಜು. ಮಣಿ ಮತ್ತು ಚುಕ್ಕೆ ಒಂದರ ಮೇಲೊಂದು ಕೂರುವಂತೆ ನೋಡಿ, ಗಾಜಿನ ಮೇಲೆ ಗುರುತು ಹಾಕುವುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದು ಗುರುತು. ಆಮೇಲೆ ಅವನ್ನೆಲ್ಲ ಗೆರೆಯಿಂದ ಸೇರಿಸುವುದು.

ನಾನು ಗಿಡಕ್ಕೆ ಏನನ್ನೂ ಅಂಟಿಸಲಿಲ್ಲ, ಎಲೆಯ ತುದಿಯೇ ಸಾಕು. ಆದರೆ ನೋಡುವವರ ತಲೆ ಸ್ವಲ್ಪ ಅಲ್ಲಾಡಿದರೂ ಚುಕ್ಕೆ ಜಾಗ ತಪ್ಪುತ್ತದೆ. ಅದಕ್ಕೆ ಗಾಜಿನ ಮುಂದೆ, ಮೊಳದಷ್ಟು ದೂರದಲ್ಲಿ, ತೂತಿರುವ ಮರದ ಬಿಲ್ಲೆಯೊಂದನ್ನು ಕೂರಿಸಿದೆ. ನೆಲದ ಮೇಲೆ ಕೂತು, ಒಂದು ಕಣ್ಣು ಮುಚ್ಚಿ, ಆ ತೂತಿನಿಂದಲೇ ನೋಡಬೇಕು. ನಿಂತು ನೋಡುವಷ್ಟು ಎತ್ತರಕ್ಕೆ ಬೇಕಂತಲೇ ಮಾಡಲಿಲ್ಲ. ಕೂತವರು ಎಲೆಯ ಅಂಚು, ನರ, ಹೊಸ ಮೊಗ್ಗು ಎಲ್ಲವನ್ನೂ ನೋಡಿಯೇ ಏಳುತ್ತಾರೆ.

ಈ ಹಲಗೆಗೆ ಮರಾಂಟಾ ಗಿಡ ಚೆನ್ನ. ಸಂಜೆಯಾದರೆ ಅದರ ಎಲೆಗಳು ಮೇಲೇಳುತ್ತವೆ, ಬೆಳಗ್ಗೆ ಮತ್ತೆ ಹರಡುತ್ತವೆ. ಎಲೆಯ ಬುಡದ ಗಂಟಿನ ಜೀವಕೋಶಗಳಲ್ಲಿ ನೀರಿನ ಒತ್ತಡ ಏರಿಳಿಯುವುದೇ ಇದಕ್ಕೆ ಕಾರಣ. ಬಾಲ್ಕನಿಯಲ್ಲಿ ಶಂಖಪುಷ್ಪದ ಬಳ್ಳಿ ಇದ್ದರೆ ಇನ್ನೂ ಸೊಗಸು. ಆಸರೆ ಹುಡುಕುತ್ತಾ ಸುತ್ತುವ ಅದರ ಕುಡಿ ಒಂದೇ ಹಗಲಲ್ಲಿ ಗಾಜಿನ ಮೇಲೆ ವಂಕಿ ವಂಕಿ ಗೆರೆ ಬರೆಸುತ್ತದೆ.

ಕ್ಯಾಮೆರಾ ಇಟ್ಟರೆ ಸುಲಭ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಚಲನೆ ಮಾತ್ರ ನೋಡಬೇಕಿದ್ದರೆ ಹೌದು. ಆದರೆ ಗಾಜಿನ ಮೇಲೆ ನೀವು ಬಂದು ಕೂತಾಗಲಷ್ಟೇ ಚುಕ್ಕೆ ಬೀಳುತ್ತದೆ. ಮನೆಯಲ್ಲೇ ಮಾಡಿ ನೋಡುವವರು ಹಳೆಯ ಫೋಟೋ ಫ್ರೇಮಿನ ಗಾಜು ತೆಗೆದುಕೊಳ್ಳಿ, ಅಂಚಿಗೆ ಟೇಪ್ ಸುತ್ತಿ, ಎರಡು ಇಟ್ಟಿಗೆಗಳ ನಡುವೆ ಅಲ್ಲಾಡದಂತೆ ನಿಲ್ಲಿಸಿ. ಬೋರ್ಡಿಗೆ ಬರೆಯುವ ಮಾರ್ಕರ್ ಆದರೆ ಒರೆಸುವುದು ಸುಲಭ. ಪ್ರತಿ ಚುಕ್ಕೆಯ ಪಕ್ಕ ಹೊತ್ತು ಬರೆಯುವುದನ್ನು ಮಾತ್ರ ಮರೆಯಬೇಡಿ.